ಸತ್ತ ಶಾಸ್ತ್ರಿಗಳನ್ನು ನಗಿಸಿದ್ದು

ಕ್ಯಾಮೆರಾದ ಮುಂದೆ ಹೆಣವಾಗಿ ಮಲಗಿದವನು ಎದ್ದು ಹೋಗುವ ಮೊದಲು ಒಮ್ಮೆ ಕ್ಯಾಮೆರಾ ನೋಡಿ ನಗಬೇಕು. ಇದು ನಮ್ಮ ಸಿನಿಮಾ ಕಸುಬಿನ ಬರೆಯದ ಕಾನೂನು. ಸಾವಿನ ದೃಶ್ಯವೇ ಒಬ್ಬ ಮನುಷ್ಯನ ಕೊನೆಯ ಶಾಟ್ ಆಗಿ ಉಳಿಯಬಾರದು, ಅದು ಅಪಶಕುನ. ಆದ್ದರಿಂದ ‘ಕಟ್’ ಅಂದ ಮೇಲೆ ಮತ್ತೆ ಕ್ಯಾಮೆರಾ ಓಡಿಸಿ, ಸತ್ತವನನ್ನು ನಗಿಸಿ, ಆಮೇಲೆ ಚಹಾ ಕೊಟ್ಟು ಕಳಿಸುವುದು. ಪ್ರೊಡಕ್ಷನ್ ಮ್ಯಾನೇಜರನಾಗಿ ದುಡಿದಷ್ಟು ವರ್ಷವೂ ನಾನು ಈ ಕಾನೂನನ್ನು ಸಂವಿಧಾನಕ್ಕಿಂತ ಒಂದು ಕೈ ಹೆಚ್ಚು ನಿಷ್ಠೆಯಿಂದ ಪಾಲಿಸಿದ್ದೇನೆ. ಆ ನಿಷ್ಠೆಯಿಂದಲೇ ಒಬ್ಬ ಸಜ್ಜನರ ಪಾಠಶಾಲೆ ಮುಚ್ಚುವ ಹಂತಕ್ಕೆ ಬಂತು. ಈ ಕಸುಬಿಗೆ ಹೊಸದಾಗಿ ಬರುವ ತರುಣರು ಓದಲಿ ಎಂದು ಅದನ್ನೇ ಬರೆಯುತ್ತಿದ್ದೇನೆ. ನಾನು ಯಾವ ಯಾವ ಚಿತ್ರಕ್ಕೆ ದುಡಿದೆ, ಯಾವ ನಾಯಕನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡೆ ಎಂಬ ಚರಿತ್ರೆ ನನ್ನ ಹೆಂಡತಿಗೇ ಬೇಡವಾಗಿದೆ. ನಿಮಗಂತೂ ಬೇಡವೇ ಬೇಡ.

ಪ್ರೊಡಕ್ಷನ್ ಮ್ಯಾನೇಜರ್ ಅಂದರೆ ಏನು ಎಂದು ಸುರಪುರದಲ್ಲಿ ನಮ್ಮ ಓಣಿಯವರು ಈಗಲೂ ಕೇಳುತ್ತಾರೆ. ನಿರ್ದೇಶಕ ಕಣ್ಣು ಮುಚ್ಚಿ ‘ನನಗೊಂದು ಹಳೆಯ ಕಲ್ಲಿನ ಮಠ ಕಾಣುತ್ತಿದೆ’ ಅಂದರೆ, ಕಣ್ಣು ತೆರೆದುಕೊಂಡು ಹೋಗಿ ಆ ಮಠ ಹುಡುಕಿ, ಅಲ್ಲಿಯ ಹಿರಿಯರ ಕಾಲು ಹಿಡಿದು, ಕುದುರೆ ಬೇಕೆಂದರೆ ಕುದುರೆ, ಹೆಣ ಬೇಕೆಂದರೆ ಹೆಣ ತಂದು ನಿಲ್ಲಿಸುವವನು. ಚಿತ್ರ ಚೆನ್ನಾಗಿ ಬಂದರೆ ಅವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಚಿತ್ರದಿಂದ ಊರಲ್ಲಿ ಜಗಳವಾದರೆ ಅವನ ಮನೆಯ ಬಾಗಿಲು ಎಲ್ಲರಿಗೂ ಗೊತ್ತಿರುತ್ತದೆ.

ರೀಲಿನ ಕಾಲದಲ್ಲಿ ಹೆಣದ ನಗುವನ್ನು ನಾವು ಖಾಲಿ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದೆವು. ಫಿಲ್ಮನ್ನು ಅಂಗುಲ ಅಂಗುಲ ಉಳಿಸಬೇಕಾದ ಕಾಲ. ಶಕುನಕ್ಕೆ ಬೇಕಾಗಿದ್ದು ಕ್ಯಾಮೆರಾದ ಕಣ್ಣು ಮತ್ತು ಅದು ಗರಗರ ಎನ್ನುವ ಸದ್ದು. ಒಳಗೆ ರೀಲು ಇದೆಯೋ ಇಲ್ಲವೋ ಎಂದು ಯಮಧರ್ಮ ಬಂದು ತೆರೆದು ನೋಡುವುದಿಲ್ಲ. ಹೀಗೆ ನನ್ನ ಕಾಲದಲ್ಲಿ ಸತ್ತವರೆಲ್ಲ ನಕ್ಕರು, ಆದರೆ ಒಬ್ಬರ ನಗುವೂ ಎಲ್ಲೂ ದಾಖಲಾಗಲಿಲ್ಲ. ಆಮೇಲೆ ಡಿಜಿಟಲ್ ಬಂತು. ಕ್ಯಾಮೆರಾ ಕಂಡದ್ದನ್ನೆಲ್ಲ ನುಂಗಿ ಇಟ್ಟುಕೊಳ್ಳತೊಡಗಿತು. ಎಲ್ಲರೂ ಹೊಸ ಯಂತ್ರಕ್ಕೆ ಒಗ್ಗಿಕೊಂಡರು. ನಾನು ಮಾತ್ರ ತಲೆಯೊಳಗೆ ಖಾಲಿ ಕ್ಯಾಮೆರಾ ಇಟ್ಟುಕೊಂಡೇ ಓಡಾಡಿದೆ. ನನ್ನ ಅಪರಾಧದ ಮೂಲ ಅಲ್ಲಿದೆ.

ನನ್ನ ಕೊನೆಯ ಚಿತ್ರದ ಹೆಸರನ್ನು ಇಲ್ಲಿ ಬರೆದು ಅದಕ್ಕೆ ಇನ್ನೊಂದು ಸಲ ಪ್ರಚಾರ ಕೊಡುವ ಇಚ್ಛೆ ನನಗಿಲ್ಲ. ಕಥೆ ಇಷ್ಟೇ: ಒಂದು ಮಠದ ಪಾಠಶಾಲೆಯಲ್ಲಿ ಒಬ್ಬರಾದ ಮೇಲೊಬ್ಬರು ಕೊಲೆಯಾಗುತ್ತಾರೆ, ಕೊಲೆಗಾರ ಯಾರೆಂದು ಗೊತ್ತಾಗುವುದಿಲ್ಲ. ನಿರ್ದೇಶಕ ಮಹಾಶಯರು ಬೆಂಗಳೂರಿನ ತರುಣ, ತಲೆಗೆ ಟೊಪ್ಪಿಗೆ, ಕೊರಳಿಗೆ ಶಾಲು, ಬಾಯಿಗೆ ‘ಸರ್’. ಕಡಿಮೆ ಬಂಡವಾಳದ ಚಿತ್ರ ಎಂದು ಮೊದಲ ದಿನವೇ ಹೇಳಿದ್ದರು. ಎಷ್ಟು ಕಡಿಮೆ ಎಂದರೆ ಕೊಲೆಗೆ ಚಾಕು ಒಂದೇ, ಪೊಲೀಸ್ ಒಬ್ಬನೇ. ಎರಡನೆಯ ಕೊಲೆಯಲ್ಲಿ ಸತ್ತವನು ಮೀಸೆ ಹಚ್ಚಿಕೊಂಡು ಐದನೆಯ ಕೊಲೆಯಲ್ಲಿ ಮತ್ತೆ ಸಾಯಬೇಕಿತ್ತು.

ಮಠ ಸಿಕ್ಕಿದ್ದು ವನದುರ್ಗದಿಂದ ಆಚೆ, ಶಹಾಪುರ ತಾಲ್ಲೂಕಿನಲ್ಲೇ. ಊರ ಹೆಸರು ಬೇಡ. ಹಿರಿಯ ಸ್ವಾಮಿಗಳು ಲಿಂಗೈಕ್ಯರಾಗಿ, ಹೊಸಬರು ಇನ್ನೂ ಬಂದಿರಲಿಲ್ಲ. ಆಡಳಿತವೆಲ್ಲ ಊರ ಕಮಿಟಿಯದು. ಅಲ್ಲಿ ನಿಜವಾಗಿಯೂ ಒಂದು ಪಾಠಶಾಲೆ ಇತ್ತು. ಒಂಬತ್ತು ಜನ ಹುಡುಗರು ಅಲ್ಲೇ ಇದ್ದು ಮಂತ್ರ, ವಚನ, ಮದುವೆ ಗೃಹಪ್ರವೇಶ ಮಾಡಿಸುವ ಕ್ರಮ, ಒಂದಿಷ್ಟು ಹಾರ್ಮೋನಿಯಂ ಕಲಿಯುತ್ತಿದ್ದರು. ಕಲಿಸುವವರು ಒಬ್ಬರೇ, ಚನ್ನಬಸಯ್ಯ ಶಾಸ್ತ್ರಿಗಳು. ಐವತ್ತು ದಾಟಿದ ತೆಳು ಮನುಷ್ಯ. ಮುಖ ನೋಡಿದರೆ ನಾವು ಮಾಡಿದ ತಪ್ಪು ನಮಗೇ ನೆನಪಾಗುವಂಥ ಗಾಂಭೀರ್ಯ.

ಕಮಿಟಿಯ ಹಿರಿಯರಾದ ಗೌಡರು ಒಂದೇ ಷರತ್ತು ಹಾಕಿದರು. “ಕೊಲಿ ಮಾಡ್ಕೋರಿ, ನಮ್ದೇನೂ ಅಭ್ಯಂತರ ಇಲ್ಲ. ಆದ್ರ ಕೊಲಿ ಮಾಡಾಂವ ಮಠದಾಂವ ಇರಬಾರ್ದು. ಹೊರಗಿನಾಂವ ಬಂದು ಮಾಡ್ಲಿ.”

“ಹೊರಗಿನಾಂವನ ಮಾಡ್ತಾನ್ರಿ ಗೌಡ್ರ. ನನ್ನ ಮಾತು” ಅಂದೆ. ನನ್ನ ಮಾತು ಅಂದರೆ ಆ ಸೀಮೆಯಲ್ಲಿ ಆಗ ಒಂದಿಷ್ಟು ಬೆಲೆ ಇತ್ತು. ನಿರ್ದೇಶಕ ಮಹಾಶಯರೂ ಗೌಡರ ಎದುರಿಗೇ ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡಿಸುವುದಕ್ಕೆ ಖರ್ಚಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಮೂರನೆಯ ಕೊಲೆ ಪಾಠಶಾಲೆಯ ಗುರುವಿನದು. ಆ ಪಾತ್ರಕ್ಕೆ ಕಂಪನಿ ನಾಟಕದ ಒಬ್ಬ ಹಳೆಯ ನಟನನ್ನು ಕರೆಸಿದ್ದೆ. ಆತ ಬಂದು, ಉಪ್ಪಿಟ್ಟು ತಿಂದು, ದೃಶ್ಯ ಕೇಳಿಸಿಕೊಂಡು ಕೈಚೀಲ ಎತ್ತಿಕೊಂಡುಬಿಟ್ಟ.

“ಮ್ಯಾನೇಜರ್ರೆ, ನಲವತ್ತು ವರ್ಷ ಸ್ಟೇಜಿನ ಮ್ಯಾಲ ಸತ್ತೀನಿ. ಆದ್ರ ಪ್ರತಿ ಸಲ ಒಂದು ಕಂದ ಹಾಡಿ, ಹೆಂಡ್ತಿ ಕೈಯಾಗ ಮಕ್ಕಳನ್ನ ಒಪ್ಪಿಸಿ ಸತ್ತೀನಿ. ಇಲ್ಲಿ ಪರದೆ ಸರಿಯೋದ್ರಾಗ ಸತ್ತು ಬಿದ್ದಿರಬೇಕಂತ. ಒಂದು ಮಾತಿಲ್ಲ, ‘ಅಯ್ಯೋ’ ಸೈತ ಇಲ್ಲ. ಇದು ಸಾವೇನ್ರಿ? ಅವಮಾನ!”

ಆತ ಯಾದಗಿರಿ ಬಸ್ಸು ಹತ್ತಿ ಹೋದ. ಬಿಸಿಲು ಇಳಿಯುವುದರೊಳಗೆ ಶಾಟ್ ಆಗಬೇಕು. ನಿರ್ದೇಶಕರು ನನ್ನ ಕಡೆ ನೋಡಿದರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಶೂಟಿಂಗ್ ನೋಡುತ್ತಿದ್ದ ಶಾಸ್ತ್ರಿಗಳ ಕಡೆ ನೋಡಿದೆ.

“ಸುಮ್ನ ಮಲಗೋದ್ರಿ ಶಾಸ್ತ್ರಿಗಳ. ಮತ್ತೇನೂ ಇಲ್ಲ.”

“ಸತ್ತಂಗ?”

“ಹೌದ್ರಿ. ಮುಖಾನೂ ಅರ್ಧ ಕಾಣ್ತದ ಅಷ್ಟ.”

ಅವರು ನಿಂತ ಕ್ಯಾಮೆರಾದ ಕಡೆ, ಇಳಿಯುವ ಬಿಸಿಲಿನ ಕಡೆ ನೋಡಿದರು. “ಬಂದ ಮಂದಿ ಕೆಲಸ ನಿಂದರಬಾರ್ದು” ಎಂದು ಶಲ್ಯ ತೆಗೆದಿಟ್ಟು ಬಂದರು. ನಾನು ಒಂದು ಕಾಗದ ಮುಂದೆ ಹಿಡಿದೆ. ಇಂಗ್ಲಿಷಿನಲ್ಲಿತ್ತು. ‘ನನ್ನ ಚಿತ್ರಣವನ್ನು ಯಾವ ರೀತಿಯಲ್ಲಾದರೂ ಬಳಸಿಕೊಳ್ಳಬಹುದು’ ಎಂಬುದು ಅದರ ತಾತ್ಪರ್ಯ.

“ಇದೇನ್ರಿ?”

“ಬರೇ ರಿವಾಜು ಅದ. ಒಂದು ಸಹಿ ಹಾಕ್ರಿ.”

ಹಾಕಿದರು. ಮಂತ್ರದಲ್ಲಿ ಒಂದು ಅಕ್ಷರ ತಪ್ಪಿದರೆ ಹುಡುಗರಿಂದ ಮತ್ತೆ ಮೊದಲಿನಿಂದ ಹೇಳಿಸುವ ಮನುಷ್ಯ, ನನ್ನ ಮಾತು ನಂಬಿ ಓದದ ಕಾಗದಕ್ಕೆ ಸಹಿ ಹಾಕಿದರು.

ನಮ್ಮ ರಕ್ತ ಬೆಲ್ಲದ ಪಾಕಕ್ಕೆ ಬಣ್ಣ ಕಲಸಿದ್ದು. ಪೇಟೆಯಲ್ಲಿ ಸಿಗುವ ಮೇಕಪ್ ರಕ್ತ ತರಿಸುವ ಶಕ್ತಿ ನಮ್ಮ ಚಿತ್ರಕ್ಕಿರಲಿಲ್ಲ. ಶಾಸ್ತ್ರಿಗಳ ಹಣೆ ಕೆನ್ನೆಗೆ ಅದನ್ನು ಸುರಿದು ಮಲಗಿಸಿದೆವು. ಬೆಲ್ಲದ ವಾಸನೆಗೆ ಮಠದ ಇರುವೆಗಳೆಲ್ಲ ಶಿಸ್ತಾಗಿ ಸಾಲುಗಟ್ಟಿ ಬಂದವು. ಕಿವಿಯೊಳಗೆ ಹೋದವು, ಮೂಗಿನ ಮೇಲೆ ನಡೆದವು. ಶಾಸ್ತ್ರಿಗಳು ರೆಪ್ಪೆ ಅಲುಗಿಸಲಿಲ್ಲ. ನನ್ನ ವೃತ್ತಿಜೀವನದಲ್ಲಿ ಅಂಥ ಹೆಣವನ್ನು ನಾನು ಕಂಡಿಲ್ಲ. ನಿಜವಾದ ಹೆಣವಾಗಿದ್ದರೂ ಒಂದು ಸಲ ಕೊಡವಿಕೊಳ್ಳುತ್ತಿತ್ತು.

‘ಕಟ್’ ಆಯಿತು. ನಾನು ನನ್ನ ಕಾನೂನು ತೆಗೆದೆ.

“ಶಾಸ್ತ್ರಿಗಳ, ಏಳೋಕ ಮೊದ್ಲ ಒಮ್ಮಿ ಕ್ಯಾಮೆರಾ ನೋಡಿ ನಗ್ರಿ. ಶಾಂತಿ ಇದ್ದಂಗ.”

ಎದ್ದು ಕುಳಿತು ಪ್ರಯತ್ನ ಮಾಡಿದರು. ಬರಲಿಲ್ಲ. ತುಟಿ ಅಗಲವಾಯಿತು, ಗಾಂಭೀರ್ಯ ಹಾಗೇ ಉಳಿಯಿತು. ಕ್ಯಾಮೆರಾ ನೋಡಿಕೊಳ್ಳುತ್ತಿದ್ದವನು ಶಹಾಪುರದ ಖಾಜಾ, ನಾನೇ ಕಸುಬಿಗೆ ಹಚ್ಚಿದ ತರುಣ. “ಚಾಚಾ, ಬಂದ್ ಮಾಡ್ಲೇನ್ರಿ?” ಅಂದ.

“ಬ್ಯಾಡ, ಓಡಲಿ ಬಿಡು. ಏನ್ ಖರ್ಚಾಗ್ತದ?” ಅಂದೆ. ನನ್ನ ತಲೆಯ ಕ್ಯಾಮೆರಾ ಖಾಲಿಯಿತ್ತು.

ಆಗ ಹಿಂದೆ ನಿಂತಿದ್ದ ಹುಡುಗರಲ್ಲಿ ಒಬ್ಬ, ಕೊಂಕಲ್ ಕಡೆಯ ಈರಯ್ಯ, ಶಾಸ್ತ್ರಿಗಳನ್ನೇ ಅಣಕಿಸತೊಡಗಿದ. ಅವರಿಗೊಂದು ರೂಢಿಯಿತ್ತು: ಮಂತ್ರ ಹೇಳುತ್ತಲೇ, ರಾಗ ಬಿಡದೆ, ಅದೇ ಸ್ವರದಲ್ಲಿ ಹುಡುಗರನ್ನು ಬಯ್ಯುವುದು. ಈರಯ್ಯ ಕಣ್ಣು ಮುಚ್ಚಿ ಗಂಭೀರವಾಗಿ ಎಳೆದ: “ಓಂ ನಮಃ ಶಿವಾಯಾ... ಏ ಗುರಯ್ಯಾ, ಕಿಟಕಿ ಹೊರಗ ನಿಮ್ಮ ಮಾವನ ಎಮ್ಮಿ ಮೇಯಾಕತ್ತದೇನೋ... ನಮಃ ಶಿವಾಯಾ... ಬಂದೆ ಅಂದ್ರ ಚರ್ಮ ಸುಲಿತೀನಿ...” ಉಳಿದ ಎಂಟೂ ಹುಡುಗರು ಕೋರಸ್ಸಿನಲ್ಲಿ ‘ನಮಃ ಶಿವಾಯ’ ಅಂದರು.

ಶಾಸ್ತ್ರಿಗಳು ತಡೆದರು, ತಡೆದರು, ಆಮೇಲೆ ಒಡೆದರು. ಬಾಯ್ತುಂಬ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬಂದು ಬೆಲ್ಲದ ರಕ್ತ ಕೆನ್ನೆ ಮೇಲೆ ಹರಿಯುವಂತೆ ನಕ್ಕರು. ಆ ಮುಖದೊಳಗೆ ಅಂಥ ನಗು ಎಲ್ಲಿತ್ತೋ. ಎಲ್ಲರೂ ನಕ್ಕೆವು. ಶಾಂತಿ ಸಾಂಗವಾಯಿತೆಂದು ನಾನು ಚಹಾ ಹೇಳಿದೆ.

ಆರು ತಿಂಗಳಾದ ಮೇಲೆ ಶಹಾಪುರ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ತರುಣರು ಮೊಬೈಲಿಗೆ ತಲೆ ಕೂಡಿಸಿ ನಮ್ಮ ಚಿತ್ರದ ಟ್ರೇಲರ್ ನೋಡುತ್ತಿದ್ದರು.

“ಏ, ಇಂವ ವನದುರ್ಗದ ಆಚಿ ಮಠದ ಶಾಸ್ತ್ರಿ ಅಲ್ಲೇನಲೇ?”

“ಹೌದಲ್ಲೋ! ಹುಡುಗನ್ನ ಕೊಂದು ಹೆಂಗ ನಗಾಕತ್ತಾನ ನೋಡು ಮಗ!”

ಇಣುಕಿ ನೋಡಿದೆ. ಬಾವಿಯ ಪಕ್ಕ ಒಬ್ಬ ವಟುವಿನ ಹೆಣ. ಒಂದು ಕ್ಷಣ ಕತ್ತಲೆ. ನಂತರ ತೆರೆಯ ತುಂಬ ಶಾಸ್ತ್ರಿಗಳ ರಕ್ತದ ಮುಖ, ನಗುತ್ತಿದೆ. ನಗುವನ್ನು ನಿಧಾನ ಮಾಡಿದ್ದರು. ಹುಡುಗರ ಸದ್ದು ತೆಗೆದು, ಅದರ ಜಾಗದಲ್ಲಿ ಯಾವುದೋ ರಾಕ್ಷಸನ ಗಂಟಲು ಇಟ್ಟಿದ್ದರು. ಪೋಸ್ಟರಿನ ಮೇಲೂ ಅದೇ ಮುಖ.

ಚಹಾದ ಲೋಟ ಅಲ್ಲೇ ಬಿಟ್ಟು ಮಠಕ್ಕೆ ಹೋದೆ. ನನಗಿಂತ ಮೊದಲು ಟ್ರೇಲರ್ ತಲುಪಿತ್ತು. ನಾಲ್ಕು ಮನೆಯವರು ಬಂದು ಹುಡುಗರ ಟ್ರಂಕು ಹೊತ್ತುಕೊಂಡು ಹೋಗಿದ್ದರು. ಈರಯ್ಯನ ಅಪ್ಪನೂ ಅವರಲ್ಲೊಬ್ಬ. ಇನ್ನಿಬ್ಬರು ಹುಡುಗರು ಹೋದರೆ ಪಾಠಶಾಲೆ ನಡೆಸುವುದೇ ಬೇಡವೆಂದು ಕಮಿಟಿಯಲ್ಲಿ ಮಾತು ಎದ್ದಿತ್ತಂತೆ. ಪಡಸಾಲೆಯಲ್ಲಿ ಐದು ಹುಡುಗರ ಎದುರು ಶಾಸ್ತ್ರಿಗಳು ಕುಳಿತಿದ್ದರು. ನನ್ನನ್ನು ನೋಡಿ ಪಾಠ ನಿಲ್ಲಿಸಿದರು.

“ಮ್ಯಾನೇಜರ್ರೆ, ನಾ ಸತ್ತಿದ್ದೆ ಅಲ್ರಿ? ಸತ್ತಾಂವ ಹೆಂಗ ಕೊಂದೆ?”

ಆ ಪ್ರಶ್ನೆ ಹೊತ್ತುಕೊಂಡೇ ಯಾದಗಿರಿ ಬಸ್ಸು ಹತ್ತಿದೆ.

ಬೆಂಗಳೂರಿಗೆ ಹೋದೆ. ನಿರ್ದೇಶಕ ಮಹಾಶಯರು ತಮ್ಮ ಆಫೀಸಿನಲ್ಲಿ ಅದೇ ಶಾಲು ಹೊದ್ದುಕೊಂಡು ಕುಳಿತಿದ್ದರು. ಎದ್ದು ನಿಂತು ನಮಸ್ಕಾರ ಮಾಡಿದರು. ಅನ್ಯಾಯ ಮಾಡುವವರಲ್ಲಿ ಈಗ ಸೌಜನ್ಯ ಬಹಳ ಬೆಳೆದಿದೆ.

“ಸರ್, ಅದೊಂದೇ ಶಾಟ್ ಸರ್ ಇಡೀ ಸಿನಿಮಾದಲ್ಲಿ ವರ್ಕ್ ಆಗ್ತಿರೋದು. ಏನ್ ಎಕ್ಸ್‌ಪ್ರೆಷನ್ ಸರ್ ಅದು!”

“ಅದು ಎಕ್ಸ್‌ಪ್ರೆಷನ್ ಅಲ್ರಿ, ಮನಷ್ಯಾ ನಕ್ಕಿದ್ದು. ಹೊರಗಿನಾಂವ ಕೊಲಿ ಮಾಡ್ತಾನ ಅಂತ ಗೌಡ್ರಿಗೆ ಮಾತು ಕೊಟ್ಟಿದ್ದಿವಿ.”

“ಸಿನಿಮಾದಲ್ಲಿ ಹೊರಗಿನವನೇ ಸರ್ ಕೊಲೆಗಾರ. ಟ್ರೇಲರಲ್ಲಿ ಸುಮ್ನೆ ಒಂದು ಅನುಮಾನ ಹುಟ್ಟಿಸಿದ್ದೀವಿ. ಜನ ಪೂರ್ತಿ ಸಿನಿಮಾ ನೋಡಿದ್ರೆ ಸತ್ಯ ಗೊತ್ತಾಗುತ್ತೆ.”

ಅಂದರೆ ಒಬ್ಬ ಮಾಸ್ತರರ ಮಾನ ಉಳಿಯಬೇಕಾದರೆ ಊರವರೆಲ್ಲ ಟಿಕೆಟ್ ತೆಗೆದುಕೊಂಡು ಕೊನೆಯವರೆಗೆ ಕೂಡಬೇಕು! ಇದಕ್ಕಿಂತ ಕ್ರೂರವಾದ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ಒಂದು ಊರಿಗೆ ವಿಧಿಸಿಲ್ಲ. ‘ಇದು ಕಾಲ್ಪನಿಕ’ ಎಂಬ ಬರಹ ಮೊದಲೇ ಹಾಕಿದ್ದೇವಲ್ಲ ಎಂದರು. ಹಾಕಿದ್ದರು, ನಿಜ. ಇರುವೆಗಳಿಗೆ ಮಾತ್ರ ಓದಲು ಬರುವಷ್ಟು ಸಣ್ಣ ಅಕ್ಷರದಲ್ಲಿ. ನಾನು ದನಿ ಏರಿಸಿದಾಗ ಅವರು ಡ್ರಾಯರಿನಿಂದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಚನ್ನಬಸಯ್ಯ ಶಾಸ್ತ್ರಿಗಳ ಸಹಿ. ಕೆಳಗೆ ಸಾಕ್ಷಿಯಾಗಿ ನನ್ನದು.

“ನೀವೇ ಮಾಡಿಸಿದ್ದು ಸರ್.”

ಆ ದಿನ ನಾನು ಕಸುಬು ಬಿಟ್ಟೆ. ಬಿಡುವ ವಯಸ್ಸೂ ಆಗಿತ್ತು ಅನ್ನಿ, ಇಲ್ಲವಾದರೆ ತ್ಯಾಗ ಮಾಡಿದೆ ಎಂದು ಬರೆದು ಇನ್ನೊಂದು ಸುಳ್ಳು ಸೇರಿಸಿದಂತಾಗುತ್ತದೆ. ಸಿಟ್ಟು ಅವರ ಮೇಲೆ ಎಷ್ಟಿತ್ತೋ ನನ್ನ ಮೇಲೂ ಅಷ್ಟೇ ಇತ್ತು. ಅವರು ಕದ್ದರು. ಆದರೆ ಬಾಗಿಲು ತೆರೆದು, ದೀಪ ಹಿಡಿದು, ಸಾಮಾನು ಎಲ್ಲಿದೆ ಎಂದು ತೋರಿಸಿದವನು ನಾನು.

ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದವನು ನೇರ ಶಹಾಪುರಕ್ಕೆ, ಖಾಜಾನ ಮನೆಗೆ ಹೋದೆ. ಅವನ ತಾಯಿ ನೀರು ಕೊಟ್ಟು, “ಕ್ಯಾ ಹುವಾ ಭಾಯಿಜಾನ್, ಮುಖ ಹಿಂಗ್ಯಾಕ ಆಗ್ಯಾದ?” ಅಂದರು. ಹೇಳಿದೆ. ಖಾಜಾ ಒಳಗೆ ಹೋಗಿ ಕರೀ ಡಬ್ಬಿಯಂಥ ಹಾರ್ಡ್ ಡಿಸ್ಕ್ ತಂದ. ಶೂಟಿಂಗ್ ನಡೆಯುವಾಗ ದಿನದಿನ ತೆಗೆದ ಶಾಟುಗಳ ಒಂದು ಪ್ರತಿ ಅವನ ಬಳಿ ಉಳಿಯುತ್ತಿತ್ತು.

“ಇದು ಹೊರಗ ಕೊಟ್ರ ನನಗ ಮತ್ತ ಕೆಲಸ ಕೊಡಂಗಿಲ್ಲ ಅವ್ರು” ಅಂದ. ಅವನ ತಾಯಿ ಅವನ ಮುಖ ನೋಡಿದರು. “ಕೊಡಲಿ ಬಿಡಲಿ, ಹಚ್ಚು” ಅಂದರು.

ಪೂರ್ತಿ ಶಾಟ್ ಅಲ್ಲಿತ್ತು. ನನ್ನ ‘ಓಡಲಿ ಬಿಡು’ ಇತ್ತು, ಈರಯ್ಯನ ಅಣಕು ಇತ್ತು, ಹುಡುಗರ ಕೋರಸ್ಸಿತ್ತು, ಕೊನೆಗೆ ನಗುವಿತ್ತು. ನನ್ನ ಮೊಬೈಲಿಗೆ ಹಾಕಿಸಿಕೊಂಡೆ.

ಮರುದಿನ ಕಮಿಟಿ ಕೂಡುವುದಿತ್ತು. ಹುಡುಗರನ್ನು ಕರೆದುಕೊಂಡು ಹೋದ ಮನೆಯವರಿಗೂ ಹೇಳಿಕಳಿಸಿದ್ದರು. ಮಠದ ಅಂಗಳದಲ್ಲಿ ಜಮಖಾನೆ ಹಾಸಿ ಎಲ್ಲರೂ ಕುಳಿತರು. ಶಾಸ್ತ್ರಿಗಳು ಕಂಬದ ಪಕ್ಕ ನಿಂತಿದ್ದರು. ಕೂಡ್ರಿ ಅಂದರೂ ಕೂಡಲಿಲ್ಲ. ನಾನು ಮೊದಲು ನನ್ನ ತಪ್ಪು ಒಪ್ಪಿಕೊಂಡೆ, ಆಮೇಲೆ ಮೊಬೈಲ್ ಹಚ್ಚಿ ಗೌಡರ ಕೈಗೆ ಕೊಟ್ಟೆ. ಕೈಯಿಂದ ಕೈಗೆ ಹೋಯಿತು. ‘ನಿಮ್ಮ ಮಾವನ ಎಮ್ಮಿ’ ಎಂಬಲ್ಲಿಗೆ ಒಬ್ಬೊಬ್ಬರ ಮುಖವೂ ಸಡಿಲಾಗುತ್ತ ಬಂತು.

ಗೌಡರು ಗಂಟಲು ಸರಿಮಾಡಿಕೊಂಡರು. “ನಗೀದು ಗೊತ್ತಾತು. ಆದ್ರ ಮಠದ ಮಾಸ್ತರ ಹೆಣ ಆಗಿ ಮಲಗಿದ್ದು ಸರಿಯೇನು, ಅದನ್ನೂ ವಿಚಾರ ಮಾಡಬೇಕಲ್ಲ?”

ಶಾಸ್ತ್ರಿಗಳು ಆ ದಿನ ಮಾತಾಡಿದ್ದು ಆಗ ಮಾತ್ರ. “ಮಲಗಿದ್ದು ಖರೇ. ನಕ್ಕಿದ್ದೂ ಖರೇ. ನಾ ಮಾಸ್ತರ ಇದ್ದೀನಿ, ಹುಡುಗರನ್ನ ಕೊಲ್ಲಾಂವ ಅಲ್ಲ ಅಂತ ಮೊಬೈಲಿನ್ಯಾಗ ಸಾಕ್ಷಿ ತೋರಿಸ್ಕೋತ ಇರಬೇಕು ಅಂದ್ರ, ಗೌಡ್ರ, ಇವತ್ತ ಕೀಲಿ ತಗೋರಿ.” ಸೊಂಟದಿಂದ ಪಾಠಶಾಲೆಯ ಕೀಲಿ ಬಿಚ್ಚಿ ಜಮಖಾನೆಯ ಮೇಲೆ ಇಟ್ಟರು.

ಯಾರೂ ಅದನ್ನು ಮುಟ್ಟಲಿಲ್ಲ. ಈರಯ್ಯನ ಅಪ್ಪ ಸಿದ್ದಯ್ಯ, ಟ್ರ್ಯಾಕ್ಟರ್ ರಿಪೇರಿ ಮಾಡುವ ದಪ್ಪ ಕೈಗಳ ಮನುಷ್ಯ, ಮೊಬೈಲನ್ನು ಎರಡನೆಯ ಸಲ ನೋಡುತ್ತಿದ್ದ.

“ಇದು ನನ್ನ ಮಗನ ದನಿ ಏನ್ರಿ?”

“ಹೌದು” ಅಂದೆ.

“ಗುರುಗಳ ಮುಂದ ನಿಂತು ಗುರುಗಳನ್ನ ಹಿಂಗ ಅಣಕಸ್ಯಾನ?”

“ಹೌದು.”

“ಮತ್ತ ಇವ್ರು ಹೊಡೀಲಿಲ್ಲ? ನಕ್ರು?” ಮೊಬೈಲ್ ನನಗೆ ಕೊಟ್ಟು ಎದ್ದ. “ನಾ ಇವನ ವಯಸ್ಸಿನ್ಯಾಗ ನಮ್ಮ ಮಾಸ್ತರನ್ನ ಅಣಕಿಸಿದ್ದಕ್ಕ ಸಾಲೀನ ಬಿಟ್ಟೀನ್ರಿ. ಹಂಗ ಹೊಡದಿದ್ದ ಆ ಮಾಸ್ತರ. ಗೌಡ್ರ, ಆ ಕೀಲಿ ಅವರಿಗೆ ಕೊಟ್ಟುಬಿಡ್ರಿ. ಸಂಜಿ ಬಸ್ಸಿಗೆ ಹುಡುಗನ್ನ ಕರಕೊಂಡು ಬರ್ತೀನಿ.”

ಬಂದ. ಇನ್ನೊಬ್ಬ ಹುಡುಗನೂ ಬಂದ. ಉಳಿದಿಬ್ಬರು ಬರಲೇ ಇಲ್ಲ. ಒಬ್ಬನ ಅಜ್ಜಿ, “ನೀವು ಹೇಳೋದು ಖರೇ ಇರಬಹುದು, ಆದ್ರ ಆ ಮುಖ ಕಣ್ಣಿಂದ ಹೋಗವಲ್ದು” ಅಂದಳಂತೆ. ಅವಳನ್ನು ಬಯ್ಯಲು ನನಗೆ ಮನಸ್ಸು ಬಾರದು. ಏಳು ಹುಡುಗರೊಂದಿಗೆ ಪಾಠಶಾಲೆ ಉಳಿಯಿತು. ಸಿನಿಮಾ ಬಂದು ಒಂದು ವಾರವೂ ನಿಲ್ಲದೆ ಹೋಯಿತು. ಕೊನೆಯವರೆಗೆ ಕುಳಿತು ಕೊಲೆಗಾರನನ್ನು ಕಂಡವರನ್ನು ನಾನಿನ್ನೂ ಭೇಟಿಯಾಗಿಲ್ಲ. ಟ್ರೇಲರ್ ಮಾತ್ರ ಇವತ್ತಿಗೂ ಕೈಯಿಂದ ಕೈಗೆ ತಿರುಗುತ್ತಿದೆ.

ತರುಣರೇ, ಕಸುಬಿನ ಪಾಠ ಕೇಳಿ. ಹೆಣವನ್ನು ನಗಿಸುವ ರಿವಾಜು ಬಿಡಬೇಡಿ, ಅದರಲ್ಲಿ ಒಂದು ಮರ್ಯಾದೆ ಇದೆ. ಆದರೆ ನಗುವವನ ಕೈಗೆ ಚಿತ್ರದ ಹೆಸರು, ಶಾಟಿನ ನಂಬರು ಬರೆದ ಕ್ಲ್ಯಾಪ್ ಬೋರ್ಡ್ ಕೊಟ್ಟು, ಅದನ್ನು ಎದೆಗೆ ಹಿಡಿಸಿ ನಗಿಸಿ. ಬೋರ್ಡ್ ಕಾಣುವ ಶಾಟನ್ನು ಕದಿಯುವುದು ಕಷ್ಟ. ಸಹಿ ಹಾಕಿಸುವ ಕಾಗದವನ್ನು ಅವರ ಭಾಷೆಯಲ್ಲಿ ಓದಿ ಹೇಳಿ, ಓದುವಾಗ ನಿಮಗೇ ನಾಚಿಕೆ ಬಂದರೆ ಹರಿದು ಹಾಕಿ. ನಿರ್ದೇಶಕರ ಪರವಾಗಿ ಮಾತು ಕೊಡಬೇಡಿ. ಅವರು ಹೊರಟು ಹೋಗುತ್ತಾರೆ, ನೀವು ಅದೇ ಬಸ್ಸಿನಲ್ಲಿ ಅದೇ ಜನರ ಜೊತೆ ಓಡಾಡಬೇಕು.

ಈಗ ಪ್ರತಿ ವರ್ಷ ಹೊಸ ಹುಡುಗರನ್ನು ಸೇರಿಸಿಕೊಳ್ಳುವ ದಿನಗಳಲ್ಲಿ ನಾನು ಸುರಪುರದಿಂದ ಮಠಕ್ಕೆ ಹೋಗಿ ಶಾಸ್ತ್ರಿಗಳಿಂದ ನಾಲ್ಕು ಮಾರು ದೂರ ಕುಳಿತಿರುತ್ತೇನೆ. ಅವರು ಕರೆದಿಲ್ಲ. ನನ್ನನ್ನು ಕಂಡರೆ ಅವರಿಗೆ ಸಂತೋಷವೂ ಇಲ್ಲ. ಬಂದವರು ಅವರ ಮುಖ ನೋಡಿ ಒಬ್ಬರಿಗೊಬ್ಬರು ಸನ್ನೆ ಮಾಡಿದರೆ, ನಾನು ಎದ್ದು ಅವರನ್ನು ಬದಿಗೆ ಕರೆದು ಮೊಬೈಲ್ ತೋರಿಸುತ್ತೇನೆ. ನಿವೃತ್ತನಾದ ಮೇಲೆ ನನಗಿರುವ ಉದ್ಯೋಗ ಇದು.

ಈ ಸಲ ಹುಣಸಗಿ ಕಡೆಯಿಂದ ಒಬ್ಬ ಹೆಣ್ಣುಮಗಳು ಮಗನನ್ನು ಕರೆದುಕೊಂಡು ಬಂದಿದ್ದಳು. ಶಾಸ್ತ್ರಿಗಳ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಎದ್ದು ಜೇಬಿಗೆ ಕೈ ಹಾಕಿ ಹತ್ತಿರ ಹೋದೆ.

“ಯವ್ವಾ, ನೀ ನೋಡಿದ್ದು ಪೂರ್ತಿ ಅಲ್ಲ. ಖರೇ ಏನಾಗಿತ್ತು ಅಂದ್ರ...”

“ನೋಡೀನ್ರಿ ಯಪ್ಪಾ, ಎಲ್ಲಾರೂ ನೋಡ್ಯಾರ. ಅದನ್ನ ಬಿಡ್ರಿ.” ನನ್ನನ್ನು ಬದಿಗೆ ಸರಿಸಿ ಶಾಸ್ತ್ರಿಗಳ ಮುಂದೆ ಕುಳಿತಳು. “ಗುರುಗಳ, ಈ ಹುಡುಗ ಬರೇ ಅನ್ನಕ್ಕ ನಿಂದ್ರಂಗಿಲ್ಲ. ಇಲ್ಲಿ ರೊಟ್ಟಿ ಎರಡೂ ಹೊತ್ತು ಹಾಕ್ತೀರೋ, ಒಂದ ಹೊತ್ತೋ? ಅದನ್ನ ಹೇಳ್ರಿ ಮೊದ್ಲ.”

ಶಾಸ್ತ್ರಿಗಳು ಹುಡುಗನನ್ನು ಮೇಲಿನಿಂದ ಕೆಳಗೆ ನೋಡಿದರು. “ಎಷ್ಟು ತಿಂತಾನ?” ಅಂದರು.

ಈ ಇಡೀ ಪ್ರಕರಣದಲ್ಲಿ ಪಾಠಶಾಲೆಯ ಮಾಸ್ತರರನ್ನು ಕೇಳಬೇಕಾದದ್ದನ್ನು ಅವರ ಹತ್ತಿರ ಒಬ್ಬರು ಕೇಳಿದ್ದು ಅದೇ ಮೊದಲು. ನಾನು ಮೊಬೈಲ್ ಹಿಡಿದುಕೊಂಡು ಅಂಗಳದ ನಡುವೆ ನಿಂತಿದ್ದೆ.